ಕುಸ್ತಿಯ ಪಟ್ಟು ಎಂಎಂಎ ಕಣದಲ್ಲಿ ನಡೆಯುತ್ತದೆಯೇ?

ಪ್ರಶ್ನೆ (ಹಾವೇರಿ): ಗರಡಿಮನೆಯ ಕೆಂಪು ಮಣ್ಣಿನಲ್ಲಿ ಬೆಳೆದ ನನ್ನ ತಮ್ಮ ಈಗ ಎಂಎಂಎಗೆ (ಹೊಡೆತ, ಒದೆತ, ಕುಸ್ತಿ ಎಲ್ಲ ಬೆರೆತ ಮಿಶ್ರ ಸಮರ ಕಲೆಗೆ) ಹೋಗುತ್ತೇನೆ ಎನ್ನುತ್ತಿದ್ದಾನೆ. ಕುಸ್ತಿಯ ಪಟ್ಟುಗಳು ಅಲ್ಲಿ ನಡೆಯುತ್ತವೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಧಾರವಾಡ): ಖಂಡಿತ ನಡೆಯುತ್ತವೆ. 2004ರ ಅಥೆನ್ಸ್ ಒಲಿಂಪಿಕ್ಸ್ ಕುಸ್ತಿಯಲ್ಲಿ ನಾಲ್ಕನೆಯವರಾದ ಅಮೆರಿಕದ ಡೇನಿಯಲ್ ಕಾರ್ಮಿಯರ್, 2008ರಲ್ಲಿ ತೂಕ ಇಳಿಸುವಾಗ ಮೂತ್ರಪಿಂಡ ಕೈಕೊಟ್ಟು ಬೀಜಿಂಗ್‌ನಲ್ಲಿ ಕಣಕ್ಕಿಳಿಯಲಾಗದಿದ್ದರೂ, ಮರುವರ್ಷವೇ ಎಂಎಂಎಗೆ ಬಂದು, 2015ರಲ್ಲಿ ಯುಎಫ್‌ಸಿ ಎಂಬ ಎಂಎಂಎ ಸಂಸ್ಥೆಯ ಲೈಟ್ ಹೆವಿವೇಟ್ ತೂಕವರ್ಗದ ಪಟ್ಟವನ್ನೂ 2018ರಲ್ಲಿ ಹೆವಿವೇಟ್ ಪಟ್ಟವನ್ನೂ ಗೆದ್ದು, ಎರಡನ್ನೂ ಏಕಕಾಲಕ್ಕೆ ಹಿಡಿದಿದ್ದರು. ಎದುರಾಳಿಯ ಒಂದು ಕಾಲನ್ನು ಎದೆಗವಚಿ ಎತ್ತಿ ಕೆಡವುವ ಅವರ ಪಟ್ಟು ನಮ್ಮ ಪೈಲ್ವಾನರಿಗೆ ಹೊಸದಲ್ಲ.

ಉತ್ತರ (ಗದಗ): ಆದರೆ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಪಂದ್ಯ ಮುಗಿಯುತ್ತದೆ; ಅಲ್ಲಿ ಕೆಳಗೆ ಬಿದ್ದವನೂ ಕತ್ತು ಬಿಗಿದು ಗೆಲ್ಲಬಹುದು. ಹೊಡೆತವನ್ನೂ ಕಲಿಯಲಿ.

ಹಾವೇರಿ: ಧನ್ಯವಾದಗಳು. ಕಳೆದ ವಾರ ತೂಕಕ್ಕಾಗಿ ನೀರು ಬಿಟ್ಟ ತಮ್ಮನ ತುಟಿ ಒಡೆದಿತ್ತು; ಮೊದಲು ಅದನ್ನು ನಿಲ್ಲಿಸುತ್ತೇನೆ.