ತೊಗರಿಗೆ ಬಿಸಿಲು ಬೇಕು, ಕೆಲಸದವರಿಗೆ ನೆರಳು ಬೇಕು. ಏನು ಮಾಡಲಿ?

ದಾಲ್ ಮಿಲ್ ಸೂಪರ್‌ವೈಸರ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಸಣ್ಣ ದಾಲ್ ಮಿಲ್‌ನಲ್ಲಿ 9 ವರ್ಷದಿಂದ ಸೂಪರ್‌ವೈಸರ್. ಒಟ್ಟು 26 ಜನ ಇದ್ದೇವೆ. ಹೋದ ಏಪ್ರಿಲ್‌ನಲ್ಲಿ ನಡೆದದ್ದು ಇನ್ನೂ ತಲೆಯಿಂದ ಹೋಗಿಲ್ಲ. ಮಧ್ಯಾಹ್ನ 2 ಗಂಟೆ. ಅಂಗಳದಲ್ಲಿ ತೊಗರಿ ತಿರುವುತ್ತಿದ್ದ ಅಕ್ಕ ಒಬ್ಬರು ನಿಂತಲ್ಲೇ ಕುಸಿದರು. ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದೆವು. ಉಳಿದರು. ಆದರೆ ಮರುದಿನ ಅದೇ ಅಂಗಳ, ಅದೇ ಬಿಸಿಲು. ಅವರ ಜಾಗದಲ್ಲಿ ಅವರ ಸೊಸೆ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತೊಗರಿಗೆ ಎಣ್ಣೆ ಹಚ್ಚಿ, ಅಂಗಳದಲ್ಲಿ ಹರವಿ ಕೆಲವು ದಿನ ಒಣಗಿಸುತ್ತೇವೆ. ಆಗಲೇ ಸಿಪ್ಪೆ ಸಡಿಲವಾಗಿ, ನುಚ್ಚಾಗದೆ ಬೇಳೆ ಬರುವುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಹೊತ್ತು ಬದಲಿಸುತ್ತಾರೆ. ಅಂಗಳದಲ್ಲಿ ನಿಲ್ಲುವವರಿಗೆ ಯಾರು ಬದಲಿಸಬೇಕು?

ಸಾಹುಕಾರರು ಈ ಸಲ ಸ್ವಲ್ಪ ಖರ್ಚು ಮಾಡಲು ಒಪ್ಪಿದ್ದಾರೆ. ಟೋಪಿ, ಮಾಸ್ಕ್, ಓಆರ್‌ಎಸ್ ಕೊಡಿಸೋಣ ಅನ್ನುತ್ತಾರೆ. ನನಗೆ ಅದು ಸಾಲದು ಅನಿಸುತ್ತದೆ. ಕೆಲಸದ ರೀತಿಯನ್ನೇ ಬದಲಿಸಬೇಕು, ಅಲ್ವಾ? ಎಲ್ಲಿಂದ ಶುರು ಮಾಡಲಿ?

ಸೇಫ್ಟಿ ಕೆಲಸ, ಸೇಡಂ

ಸರ್, ನಿಮ್ಮ ಅನಿಸಿಕೆ ಸರಿ. ಟೋಪಿ, ಮಾಸ್ಕ್ ಕೊನೆಗೆ ಬರಬೇಕಾದವು. ಮೊದಲು ಅಪಾಯವನ್ನೇ ತೆಗೆಯಲು ಆಗುತ್ತದಾ ನೋಡಿ. ಆಗದಿದ್ದರೆ ಯಂತ್ರ, ಜಾಗ ಬದಲಿಸಿ. ಆಮೇಲೆ ಕೆಲಸದ ಹೊತ್ತು.

ಬಿಸಿಲು ಬೇಕಾಗಿರುವುದು ಕಾಳಿಗೆ. ಮನುಷ್ಯರು ಅದರ ಪಕ್ಕ ನಿಂತೇ ಇರಬೇಕಾಗಿಲ್ಲ. 6 ಗಂಟೆಗೆ ಹರವಿ, 10ರೊಳಗೆ ಒಮ್ಮೆ ತಿರುವಿ. 12ರಿಂದ 4ರವರೆಗೆ ಅಂಗಳದಲ್ಲಿ ಯಾರೂ ಬೇಡ. ಸಂಜೆ 5ಕ್ಕೆ ಗುಡ್ಡೆ ಹಾಕಿ.

ಸೊಸೆಯ ಮಾತು ಓದಿ ಎದೆ ಝಲ್ ಎಂದಿತು. ಬಿಸಿಲಿನ ಕೆಲಸಕ್ಕೆ ಹೊಸಬರನ್ನು ಮೊದಲ ದಿನವೇ ಪೂರ್ತಿ ನಿಲ್ಲಿಸಬಾರದು. ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಸಾಕು. ದಿನಕ್ಕೆ ಇನ್ನೊಂದು ಪಾಲು ಏರಿಸುತ್ತಾ ಹೋಗಿ. ಮೈ ಒಗ್ಗಲು ಅಷ್ಟು ಸಮಯ ಬೇಕು.

42 ಡಿಗ್ರಿಯಲ್ಲಿ ಮಾಸ್ಕ್ ಯಾರೂ ಇಟ್ಟುಕೊಳ್ಳುವುದಿಲ್ಲ. ಧೂಳು ಏಳುವ ಜಾಗದಲ್ಲೇ ಮುಚ್ಚಿಗೆ ಹಾಕಿಸಿ, ಅಲ್ಲೇ ಧೂಳು ಎಳೆಯುವ ಫ್ಯಾನ್ ಕೂಡಿಸಿ. ಆ ದುಡ್ಡು ಅಲ್ಲಿಗೆ ಹೋಗಲಿ.

ದವಾಖಾನೆ ಸಿಸ್ಟರ್, ಶಹಾಬಾದ್

ಅಣ್ಣಾ, ಆ ಅಕ್ಕ ಅಂದು ಎಷ್ಟು ನೀರು ಕುಡಿದಿದ್ದರು ಅಂತ ಕೇಳಿದ್ರಾ? ನಮ್ಮಲ್ಲಿಗೆ ಬರುವ ಎಷ್ಟೋ ಹೆಣ್ಣುಮಕ್ಕಳು ಬೇಕಂತಲೇ ನೀರು ಕುಡಿಯುವುದಿಲ್ಲ. ಕೆಲಸದ ಜಾಗದಲ್ಲಿ ಹೋಗಲು ಸಂಡಾಸವೇ ಇರುವುದಿಲ್ಲ. ಇದ್ದರೂ ಚಿಲಕ ಇರಲ್ಲ. ಬೆಳಗಿನಿಂದ ತಡೆದುಕೊಂಡು ಉರಿಮೂತ್ರ ಮಾಡಿಕೊಂಡು ಬರುತ್ತಾರೆ. ಹಾಗಿರುವಾಗ ಓಆರ್‌ಎಸ್ ಪೊಟ್ಟಣ ಕೊಟ್ಟು ಏನು ಉಪಯೋಗ? ಮೊದಲು ಚಿಲಕ ಇರುವ ಸಂಡಾಸ. ಆಮೇಲೆ 15–20 ನಿಮಿಷಕ್ಕೊಂದು ಲೋಟ ನೀರು, ಅದೂ ಅಂಗಳದ ಪಕ್ಕದಲ್ಲೇ.

ಯಾರಾದರೂ ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ ಆಟೋ ಬರಲಿ ಅಂತ ಸುಮ್ನೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಇರಿ.

ಹಮಾಲಿ, ಯಾದಗಿರಿ

ನಾನು ಚೀಲ ಹೊರುವವನು. 50 ಕಿಲೋ ಚೀಲ ಭಾರ ಹೌದು. ಆದರೆ ನೆಲದಿಂದ ಎತ್ತಿ ತಲೆಗಿಂತ ಮೇಲೆ ಒಟ್ಟುವುದೇ ಸೊಂಟ ಮುರಿಯುವುದು. ಲಾರಿ ಎತ್ತರಕ್ಕೆ ಒಂದು ಕಟ್ಟೆ ಕಟ್ಟಿಸಿದರೆ ಅರ್ಧ ನೋವು ಕಡಿಮೆ ಆಗುತ್ತದೆ.

ಇನ್ನೊಂದು ಮಾತು. ಚೀಲಕ್ಕಿಷ್ಟು ಅಂತ ಕೂಲಿ ಇದ್ದರೆ ನೀವು ಎಷ್ಟೇ ಬಿಡುವು ಕೊಡಿ, ಯಾರೂ ಕೂಡುವುದಿಲ್ಲ. ಕೂತಷ್ಟು ಹೊತ್ತು ಕೂಲಿ ಹೋಗುತ್ತದೆ. ಬಿಡುವಿಗೂ ಕೂಲಿ ಇರಬೇಕು.

ಮತ್ತೆ ನಾಳೆಯ ಚಿಂತೆ. ರಾತ್ರಿ 10ರ ತನಕ ಫೋನ್ ಹಿಡಿದು ಕೂಡುತ್ತೇವೆ. ನನ್ನ ಹೆಂಡತಿ ದಿನಾ ಕೇಳುತ್ತಾಳೆ, "ನಾಳಿಗಿ ಕೆಲ್ಸ ಅದನೋ ಇಲ್ಲೋ?" ನಿದ್ದೆ ಕೆಡುವುದು ಅಲ್ಲೇ. ವಾರದ ಪಟ್ಟಿ ಶನಿವಾರವೇ ಗೋಡೆಗೆ ಹಚ್ಚಿ.

ದಾಲ್ ಮಿಲ್ ಸೂಪರ್‌ವೈಸರ್, ಕಲಬುರಗಿ

ನಿನ್ನೆ ಊಟದ ಹೊತ್ತಿಗೆ ಹೆಣ್ಣುಮಕ್ಕಳ ಜೊತೆ ಕೂತು ಕೇಳಿದೆ. 9 ವರ್ಷದಲ್ಲಿ ಹೀಗೆ ಕೂತು ಕೇಳಿದ್ದು ಇದೇ ಮೊದಲು. ಸಿಸ್ಟರ್ ಹೇಳಿದ್ದು ನಿಜ. ಆ ಅಕ್ಕ ಅಂದು ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿದದ್ದು ಬಿಟ್ಟರೆ ಏನೂ ಕುಡಿದಿರಲಿಲ್ಲ. ನಮ್ಮ ಸಂಡಾಸ ಹಮಾಲರು ಕೂಡುವ ಶೆಡ್ಡಿನ ಹಿಂದೆ ಇದೆ. ಅವರ ಮುಂದಿಂದಲೇ ಹಾದು ಹೋಗಬೇಕು. ನಾನು ದಿನಾ ನೋಡುತ್ತಿದ್ದೆ, ನನಗೆ ಹೊಳೆದಿರಲಿಲ್ಲ.

ಈ ಕಡೆ ಬೇರೆ ಸಂಡಾಸ ಕಟ್ಟಿಸಲು ಸಾಹುಕಾರರು ಒಪ್ಪಿದರು. 12ರಿಂದ 4 ಅಂಗಳ ಖಾಲಿ ಇಡಲೂ ಒಪ್ಪಿದರು. ವಾರದ ಪಟ್ಟಿ ಈ ಶನಿವಾರದಿಂದ ನಾನೇ ಬರೆದು ಹಚ್ಚುತ್ತೇನೆ. ಬಿಡುವಿನ ಕೂಲಿಗೆ ಮಾತ್ರ "ನೋಡೋಣ" ಅಂದಿದ್ದಾರೆ. ಹಮಾಲಿ ಅಣ್ಣಾ, ನಿಮ್ಮ ಕಡೆ ಯಾರಾದರೂ ಬಿಡುವಿಗೆ ಕೂಲಿ ಕೊಡುತ್ತಿದ್ದರೆ ಲೆಕ್ಕ ಹೇಗೆ ಹಾಕುತ್ತಾರೆ ಹೇಳ್ರಿ. ಆ ಲೆಕ್ಕ ಹಿಡಿದುಕೊಂಡೇ ಮತ್ತೆ ಹೋಗಿ ಕೇಳುತ್ತೇನೆ.