ನಮ್ಮ ಮರ ಅಕ್ಟೋಬರ್‌ನಲ್ಲಿ ಯಾಕೆ ಕೆಂಪಾಗಲಿಲ್ಲ? ಪುಣೆಯ ಮಕ್ಕಳಿಗೆ ಎಲೆಯ ಬಣ್ಣ ಹೇಗೆ ಹೇಳಿಕೊಟ್ಟಿರಿ?

ಕೋಥ್ರೂಡ್‌ನಿಂದ ಕೇಳುತ್ತಿದ್ದೇನೆ

ನನ್ನ ಮಗಳಿಗೆ ಐದೂವರೆ ವರ್ಷ, ಸೀನಿಯರ್ ಕೆಜಿ. ಅವಳ ಪುಸ್ತಕದಲ್ಲಿ ನಾಲ್ಕು ಋತುಗಳ ಚಿತ್ರ ಇದೆ. ಒಂದರಲ್ಲಿ ಮರದ ತುಂಬ ಕೆಂಪು ಎಲೆ, ಕೆಳಗೆ ಸ್ವೆಟರ್ ಹಾಕಿದ ಮಕ್ಕಳು. ಇದು ಅಕ್ಟೋಬರ್‌ನಲ್ಲಿ ಅಂತ ಟೀಚರ್ ಹೇಳಿದ್ದರಂತೆ. ಇಡೀ ಅಕ್ಟೋಬರ್ ದಿನಾ ಬೆಳಿಗ್ಗೆ ಬಾಲ್ಕನಿಗೆ ಹೋಗಿ ನೋಡಿದಳು. ಸೊಸೈಟಿಯ ಒಂದು ಮರವೂ ಕೆಂಪಾಗಲಿಲ್ಲ. "ನಮ್ಮ ಮರಕ್ಕೆ ಹುಷಾರಿಲ್ವಾ ಅಮ್ಮಾ?" ಅಂದಳು. ಎಲೆ ಕೆಂಪಾಗುವುದು ಚಳಿಗೆ, ನಮ್ಮಲ್ಲಿ ಅಷ್ಟು ಚಳಿ ಇಲ್ಲ ಅಂತ ಹೇಳಿ ಮುಗಿಸಿದೆ. ಈಗ ಸಂಕ್ರಾಂತಿ ಆಯಿತು, ಗೇಟಿನ ಪಕ್ಕದ ಕಾಡುಬಾದಾಮಿ ಮರ ಕೆಂಪಾಗಿದೆ. ಪಕ್ಕದ ಮಾವು ಮಾತ್ರ ಹಸಿರಾಗಿಯೇ ಇದೆ. ಎರಡಕ್ಕೂ ಒಂದೇ ಚಳಿ ಅಲ್ವಾ ಅಂತ ಕೇಳುತ್ತಿದ್ದಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಟದಲ್ಲಿ ಮರಾಠಿ. ಇದನ್ನಾದರೂ ಕನ್ನಡದಲ್ಲಿ ಹೇಳಬೇಕು ಅಂತ ಆಸೆ. ನೀವೆಲ್ಲ ಹೇಗೆ ಮಾಡಿದಿರಿ?

ಔಂಧ್‌ನಿಂದ

ನಿಮ್ಮ ಮಗಳು ಕೇಳಿದ್ದು ತುಂಬ ಒಳ್ಳೆಯ ಪ್ರಶ್ನೆ. ನನ್ನ ಇಬ್ಬರು ಮಕ್ಕಳೂ ಇದೇ ದಾರಿಯಲ್ಲಿ ಬಂದರು. ನನಗೆ ಕೆಲಸಕ್ಕೆ ಬಂದದ್ದು ಒಂದೇ ಒಂದು ಕನ್ನಡ ಪದ, ಹಣ್ಣೆಲೆ.

ಎಲೆ ಸಾಯುತ್ತೆ, ಒಣಗುತ್ತೆ ಅಂತ ಶುರು ಮಾಡಿದರೆ ಮಕ್ಕಳಿಗೆ ಬೇಜಾರಾಗುತ್ತದೆ. ನಮ್ಮ ದೊಡ್ಡವನು ಮೂರು ದಿನ ಉದುರಿದ ಎಲೆಗಳನ್ನೆಲ್ಲ ತಂದು ಬಕೆಟ್ ನೀರಲ್ಲಿ ಹಾಕುತ್ತಿದ್ದ, ಬದುಕಲಿ ಅಂತ. ಆಗ ಊರಿಂದ ಬಂದಿದ್ದ ನಮ್ಮತ್ತೆ ಅವನನ್ನು ಪಕ್ಕ ಕೂರಿಸಿಕೊಂಡು ವೀಳ್ಯದೆಲೆಯ ಕಟ್ಟು ಬಿಚ್ಚಿದರು. ಒಳಗೆ ಎರಡು ಎಲೆ ಹಳದಿಯಾಗಿದ್ದವು. "ಇದು ಕೆಟ್ಟಿಲ್ಲ ಮಗಾ, ಹಣ್ಣಾಗಿದೆ" ಅಂದರು. ಆಮೇಲೆ ಬಾಳೆಹಣ್ಣು ತೋರಿಸಿದರು. ಹೋದ ವಾರ ಇದೂ ಹಸಿರಿತ್ತು, ಈಗ ಹಳದಿ. ಎಲೆಯೂ ಹಾಗೇ. ಅವನಿಗೆ ಅಷ್ಟು ಸಾಕಾಯಿತು. ಬಕೆಟ್ ಖಾಲಿ ಮಾಡಿದ.

ನಾನು ಆಮೇಲೆ ಓದಿ ನೋಡಿದೆ. ಅತ್ತೆ ಹೇಳಿದ್ದು ಸುಮ್ನೆ ಹೋಲಿಕೆ ಅಲ್ಲ. ಬಾಳೆಕಾಯಿಯ ಸಿಪ್ಪೆಯಲ್ಲೂ ಎಲೆಯಲ್ಲೂ ಹಸಿರು ಬರುವುದು ಒಂದೇ ವಸ್ತುವಿನಿಂದ, ಪತ್ರಹರಿತ್ತಿನಿಂದ. ಅದು ಒಡೆದುಹೋದಾಗ ಎರಡರಲ್ಲೂ ಒಳಗಿನ ಹಳದಿ ಕಾಣುತ್ತದೆ. ಕನ್ನಡದಲ್ಲಿ ಎಲೆ ಹಣ್ಣಾಯಿತು ಅನ್ನುತ್ತೇವಲ್ಲ, ಅದನ್ನೇ ಮಗುವಿಗೆ ಹೇಳಿ. ಚಿಗುರೆಲೆ, ಹಸಿರೆಲೆ, ಹಣ್ಣೆಲೆ, ತರಗೆಲೆ. ನಾಲ್ಕೂ ಎಲೆ ಒಂದೇ ಮರದಡಿ ಹುಡುಕಿಸಿ, ಸಾಲಾಗಿ ಜೋಡಿಸಲಿ. ಪದಗಳು ತಾವಾಗಿಯೇ ಬಾಯಿಗೆ ಬರುತ್ತವೆ.

ಇನ್ನೊಂದು. ಕಾಡುಬಾದಾಮಿಯ ಒಂದು ಹಸಿರೆಲೆಯ ತೊಟ್ಟಿಗೆ ಕೈಗೆ ಸಿಗುವಷ್ಟು ಎತ್ತರದಲ್ಲಿ ಸಡಿಲವಾಗಿ ಬಣ್ಣದ ದಾರ ಕಟ್ಟಿ. ಅದು ಮಗುವಿನ ಎಲೆ. ಶಾಲೆಗೆ ಹೋಗುವಾಗ ದಿನಾ ಒಂದು ನಿಮಿಷ ನೋಡಲಿ. ಹತ್ತು ಚಾರ್ಟ್ ಅಂಟಿಸಿದರೂ ಇಷ್ಟು ಕಲಿಯುವುದಿಲ್ಲ. ನೀವು ಏನೂ ವಿವರಿಸಬೇಡಿ. ಅವಳೇ ಬಂದು ಹೇಳುತ್ತಾಳೆ.

ಚಿಂಚ್‌ವಡ್‌ನಿಂದ

ನಾವು ಧಾರವಾಡದ ಕಡೆಯವರು. ನವರಾತ್ರಿಗೆ ಮನೆಯಲ್ಲಿ ಘಟ ಹಾಕುತ್ತೇವೆ. ಮಣ್ಣಿನಲ್ಲಿ ಗೋಧಿ, ಜೋಳ ಬಿತ್ತಿ ದೇವರ ಮುಂದೆ ಇಡುತ್ತೇವೆ. ನಮ್ಮ ಫ್ಲಾಟಿನ ದೇವರ ಕೋಣೆಗೆ ಕಿಟಕಿ ಇಲ್ಲ. ಒಂಬತ್ತನೇ ದಿನ ಸಸಿ ಗೇಣುದ್ದ ಬೆಳೆದಿರುತ್ತದೆ, ಆದರೆ ಬಣ್ಣ ಮಾತ್ರ ನಿಂಬೆಹಣ್ಣಿನ ಹಾಗೆ. ಮಗಳು ಯಾಕೆ ಹಸಿರಿಲ್ಲ ಅಂದಳು. ಸ್ವಲ್ಪ ಸಸಿ ತೆಗೆದು ಕಿಟಕಿಯ ಬಿಸಿಲಿಗೆ ಇಟ್ಟೆವು. ಮಾರನೇ ದಿನ ಸಂಜೆಗೆ ತುದಿಯಿಂದ ಹಸಿರಾಗಿತ್ತು. ಬೆಳಕಿದ್ದರೆ ಮಾತ್ರ ಹಸಿರು ತಯಾರಾಗುತ್ತದೆ ಅನ್ನುವುದನ್ನು ಅವಳು ಕಣ್ಣಾರೆ ಕಂಡಳು. ನವರಾತ್ರಿ ತನಕ ಕಾಯಬೇಕಿಲ್ಲ. ಸೊಸೈಟಿಯ ಹುಲ್ಲಿನ ಮೇಲೆ ಒಂದು ಇಟ್ಟಿಗೆ ಇಟ್ಟು ವಾರ ಬಿಟ್ಟು ಎತ್ತಿ. ಇಟ್ಟಿಗೆಯ ಅಳತೆಗೆ ಸರಿಯಾಗಿ ಹಳದಿ ಚೌಕ ಇರುತ್ತದೆ. ಮಾಲಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅವರು ಇಟ್ಟಿಗೆ ತೆಗೆದು ಇಡುತ್ತಾರೆ. ನಮಗೆ ಎರಡು ಸಲ ಹಾಗಾಯಿತು.

ದಸರಾ ಬಂದಾಗ ಇನ್ನೊಂದು ಪಾಠವಿದೆ. ಊರಲ್ಲಿ ನಾವು ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಅನ್ನುತ್ತೇವೆ. ಇಲ್ಲಿ ಆಪಟಾ ಎಲೆ ಕೊಟ್ಟು ಸೋನ, ಅಂದರೆ ಬಂಗಾರ, ಅನ್ನುತ್ತಾರೆ. ಬನ್ನಿಯದು ಸಣ್ಣ ಸಣ್ಣ ಎಲೆ, ಆಪಟಾದ್ದು ನಡುವೆ ಮಡಚಿದ ಹೃದಯದ ಹಾಗೆ. ಎರಡನ್ನೂ ಒಂದೇ ಹಾಳೆಯಲ್ಲಿ ಅಂಟಿಸಿ ಇಟ್ಟಿದ್ದೇವೆ.

ಹಡಪ್ಸರ್‌ನಿಂದ

ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವನು ನಾನು, ಈಗ ನಿವೃತ್ತ. ಈಗ ನನ್ನ ವಿದ್ಯಾರ್ಥಿನಿ ನಾಲ್ಕು ವರ್ಷದ ಮೊಮ್ಮಗಳು.

ಚಳಿ ಅಂತ ನೀವು ಹೇಳಿದ್ದು ಪೂರ್ತಿ ತಪ್ಪಲ್ಲಮ್ಮ. ಆ ಪುಸ್ತಕದ ಚಿತ್ರ ಕೆನಡಾ, ಯುರೋಪಿನಂಥ ಕಡೆಯದು. ಅಲ್ಲಿ ಸೆಪ್ಟೆಂಬರ್ ಕಳೆದಂತೆ ಹಗಲು ಬೇಗ ಬೇಗ ಚಿಕ್ಕದಾಗುತ್ತದೆ, ಚಳಿ ಏರುತ್ತದೆ. ಅದನ್ನು ಗುರುತಿಸಿ ಅಲ್ಲಿನ ಮರಗಳು ಎಲೆ ಕಳಚುತ್ತವೆ. ನಮ್ಮ ಮರಗಳ ಕಷ್ಟ ಬೇರೆ. ಪುಣೆಗೆ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ. ಅಕ್ಟೋಬರ್‌ನಲ್ಲಿ ಮಣ್ಣು ಇನ್ನೂ ಹಸಿಯಾಗಿರುತ್ತದೆ, ಮರಕ್ಕೆ ಎಲೆ ಬಿಡುವ ಅವಸರ ಏನೂ ಇಲ್ಲ. ಜನವರಿ, ಫೆಬ್ರವರಿ ಹೊತ್ತಿಗೆ ನೀರು ಕಡಿಮೆ. ಎಲೆಗಳಿಂದ ದಿನವಿಡೀ ನೀರು ಆವಿಯಾಗಿ ಹೋಗುತ್ತಿರುತ್ತದೆ. ಆಗ ಮರ ಎಲೆ ಉದುರಿಸಿ ಆ ನಲ್ಲಿ ಬಂದ್ ಮಾಡುತ್ತದೆ. ಇಲ್ಲಿನ ವೇತಾಳ ಟೇಕಡಿ ಗುಡ್ಡಕ್ಕೆ ಅಕ್ಟೋಬರ್‌ನಲ್ಲಿ ಒಂದು ಸಲ, ಫೆಬ್ರವರಿಯಲ್ಲಿ ಒಂದು ಸಲ ಮಗುವನ್ನು ಕರೆದುಕೊಂಡು ಹೋಗಿ. ಅದೇ ದಾರಿ, ಅದೇ ಮರ. ಹಸಿರು ಗುಡ್ಡ ಕಂದು ಗುಡ್ಡವಾಗಿರುತ್ತದೆ. ಆ ಪುಸ್ತಕ ಬರೆದವರು ಶರತ್ಕಾಲದಲ್ಲಿ ಎಲೆ ಉದುರಿಸಿದರು. ನಮ್ಮ ಹಿರಿಯರು ಎಲೆ ಉದುರುವ ಕಾಲಕ್ಕೆ ಶಿಶಿರ ಅಂದರು, ಅದು ಮಾಘ, ಫಾಲ್ಗುಣ. ನಮ್ಮ ಪಂಚಾಂಗ ನಮ್ಮ ಮರಕ್ಕೆ ಸರಿಯಾಗಿದೆ.

ಇನ್ನು ಬಣ್ಣ. ಮೊಮ್ಮಗಳಿಗೆ ನಾನು ಹೇಳುವುದು ಇಷ್ಟು. ಮನೆ ಖಾಲಿ ಮಾಡುವಾಗ ಸಾಮಾನು ಬಿಟ್ಟು ಹೋಗುತ್ತೇವಾ? ಮರವೂ ಬಿಡುವುದಿಲ್ಲ. ಹಸಿರು ಮಾಡುವ ಸಾಮಾನಿನಲ್ಲಿ ಸಾರಜನಕ ಇದೆ, ಅದು ಮರಕ್ಕೆ ಕಷ್ಟಪಟ್ಟು ಸಿಗುವ ವಸ್ತು. ಎಲೆ ಬೀಳುವ ಮೊದಲು ಮರ ಹಸಿರನ್ನು ಒಡೆದು, ಎಲೆಯಲ್ಲಿರುವ ಸಾರಜನಕದ ಸುಮಾರು ಅರ್ಧದಷ್ಟನ್ನು ಕೊಂಬೆಗೆ ವಾಪಸ್ ಸಾಗಿಸುತ್ತದೆ. ಹಸಿರು ಹೋದ ಮೇಲೆ ಮೊದಲಿಂದಲೂ ಒಳಗಿದ್ದ ಹಳದಿ ಹೊರಗೆ ಬರುತ್ತದೆ. ಗಜ್ಜರಿ, ಪಪ್ಪಾಯಿಗೆ ಬಣ್ಣ ಕೊಡುವ ವಸ್ತುಗಳ ಬಳಗವೇ ಅದು. ಕೆಂಪು ಹಾಗಲ್ಲ. ಕೆಂಪನ್ನು ಹೆಚ್ಚಿನ ಮರಗಳು ಆಗ ಹೊಸದಾಗಿ ತಯಾರಿಸುತ್ತವೆ. ನೇರಳೆಹಣ್ಣು ತಿಂದಾಗ ನಾಲಿಗೆಗೆ ಅಂಟುತ್ತದಲ್ಲ, ಆ ಜಾತಿಯ ಬಣ್ಣ.

ಆಮೇಲೆ ತೊಟ್ಟಿನ ಬುಡದಲ್ಲಿ ಬೆಂಡಿನಂಥ ತೆಳು ಪದರ ಕಟ್ಟಿಕೊಳ್ಳುತ್ತದೆ. ಎಲೆ ಅಲ್ಲಿಂದ ಕಳಚುತ್ತದೆ. ಉದುರಿದ ಬಾದಾಮಿ ಎಲೆಯ ತೊಟ್ಟಿನ ತುದಿಯನ್ನು ಮಗುವಿನ ಬೆರಳಿಗೆ ಮುಟ್ಟಿಸಿ, ನುಣ್ಣಗಿರುತ್ತದೆ. ಒಂದು ಹಸಿರೆಲೆಯನ್ನು ಎಳೆದು ಕಿತ್ತರೆ ಆ ಜಾಗ ಹರಿದು, ಹಸಿ ನಾರು ಕಾಣುತ್ತದೆ. ಈ ವ್ಯತ್ಯಾಸ ಮುಟ್ಟಿ ನೋಡಿದ ಮೇಲೆ ಎಲೆಗೆ ನೋವಾಯಿತಾ ಅನ್ನುವ ಪ್ರಶ್ನೆಯನ್ನು ನನ್ನ ಮೊಮ್ಮಗಳು ಮತ್ತೆ ಕೇಳಲಿಲ್ಲ.

ಬಾದಾಮಿ ಕೆಂಪು, ಮಾವು ಯಾಕೆ ಹಸಿರು ಅಂದಳಲ್ಲ. ಮಾವು ಎಲ್ಲ ಎಲೆಯನ್ನೂ ಒಟ್ಟಿಗೆ ಬಿಡುವ ಮರವಲ್ಲ, ವರ್ಷವಿಡೀ ಹಸಿರಾಗಿರುತ್ತದೆ. ಕಾಡುಬಾದಾಮಿ ಎಲೆ ಬದಲಿಸುವ ಮರ, ಎಷ್ಟೋ ಕಡೆ ವರ್ಷಕ್ಕೆ ಎರಡು ಸಲ ಬದಲಿಸುತ್ತದೆ. ಆದರೆ ಮಾವಿನ ಹತ್ತಿರವೂ ಕೆಂಪಿದೆ! ಅದರ ಚಿಗುರು ನೋಡಿ, ತಾಮ್ರದ ಬಣ್ಣ, ಜೋತು ಬಿದ್ದಿರುತ್ತದೆ. ಎಳೆ ಎಲೆಯಲ್ಲಿ ಹಸಿರು ಇನ್ನೂ ಸರಿಯಾಗಿ ತಯಾರಾಗಿರುವುದಿಲ್ಲ, ಬಿಸಿಲು ಜೋರು. ಆ ಕೆಂಪು ಅದಕ್ಕೆ ಕೊಡೆ. ಬಾದಾಮಿ ಹೋಗುವಾಗ ಕೆಂಪು, ಮಾವು ಬರುವಾಗ ಕೆಂಪು. ಅರಳಿ ಮರವೂ ಅಷ್ಟೇ, ಹೋಳಿ ಕಳೆದು ಯುಗಾದಿ ಬರುವ ಹೊತ್ತಿಗೆ ಅದರ ಚಿಗುರು ಗುಲಾಬಿ ಬಣ್ಣಕ್ಕೆ ಹೊಳೆಯುತ್ತದೆ. ಯಾವ ಹೂವಿಗೂ ಕಡಿಮೆ ಇಲ್ಲ. ಇದನ್ನು ಮಾತ್ರ ತಪ್ಪಿಸಬೇಡಿ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಪಾಲಕ್ ಸಣ್ಣಗೆ ಹೆಚ್ಚಿ ಲೋಟಕ್ಕೆ ಹಾಕಿ, ಮುಳುಗುವಷ್ಟು ಸರ್ಜಿಕಲ್ ಸ್ಪಿರಿಟ್ ಹೊಯ್ದು, ಆ ಲೋಟವನ್ನು ಬಿಸಿ ನೀರಿನ ಬಟ್ಟಲಲ್ಲಿ ಅರ್ಧ ಗಂಟೆ ಇಡಿ. ಹಸಿರು ಇಳಿದ ಮೇಲೆ ಕಾಫಿ ಫಿಲ್ಟರ್ ಕಾಗದದ ಪಟ್ಟಿಯ ತುದಿ ಅದ್ದಿ ನಿಲ್ಲಿಸಿ. ಬಣ್ಣ ಮೇಲೇರುತ್ತಾ ಹಸಿರು, ಹಳದಿ ಬೇರೆ ಬೇರೆ ಗೆರೆಯಾಗುತ್ತವೆ. ಹಸಿರೆಲೆಯೊಳಗೆ ಹಳದಿ ಅಡಗಿದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆಯ ಹತ್ತಿರ ಬೇಡವೇ ಬೇಡ, ದೊಡ್ಡವರೇ ಮಾಡಬೇಕು.

ಬಾವ್‌ಧನ್‌ನಿಂದ

ಎಲೆ ಆರಿಸಲು ಕಳಿಸುವ ಮೊದಲು ಎರಡು ಗಿಡ ತೋರಿಸಿಕೊಡಿ, ದಯವಿಟ್ಟು. ರಸ್ತೆ ನಡುವಿನ ಡಿವೈಡರ್‌ಗಳಲ್ಲಿರುವ ಕಣಗಿಲೆ, ಅದು ಎಲೆಯಿಂದ ಹೂವಿನ ತನಕ ವಿಷ. ಇನ್ನೊಂದು ಕಾಂಗ್ರೆಸ್ ಹುಲ್ಲು, ಪಾರ್ಥೇನಿಯಂ. 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಅದು ಮೊದಲು ಗಮನಕ್ಕೆ ಬಂದದ್ದು ಪುಣೆಯಲ್ಲೇ. ಖಾಲಿ ಸೈಟುಗಳಲ್ಲಿ ಈಗಲೂ ತುಂಬಿದೆ. ನನ್ನ ಮಗ ಅದರ ಎಲೆ ಚೆನ್ನಾಗಿದೆ ಅಂತ ಮುಷ್ಟಿ ತುಂಬ ಕಿತ್ತು ತಂದ. ಎರಡು ದಿನ ಮೊಣಕೈ ತನಕ ತುರಿಕೆ, ಕೆಂಪು ದದ್ದು. ಬಿದ್ದ ಎಲೆ ಮಾತ್ರ ಆರಿಸಬೇಕು, ಮನೆಗೆ ಬಂದು ಕೈ ತೊಳೆಯಬೇಕು ಅನ್ನುವ ನಿಯಮ ಮಾಡಿದ್ದೇವೆ.

ಪಾಷಾಣ್‌ನಿಂದ

ಅರಳಿ ಎಲೆ ಅಂದದ್ದಕ್ಕೆ ನೆನಪಾಯಿತು. ಬಿದ್ದ ಅರಳಿ ಎಲೆಯನ್ನು ನೀರಲ್ಲಿ ಮುಳುಗಿಸಿ ಮೂರು ವಾರ ಬಿಡಿ. ತಿರುಳು ಕೊಳೆತು ಮೆತ್ತಗಾಗುತ್ತದೆ. ತಟ್ಟೆಯ ಮೇಲೆ ಹರಡಿ, ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ತಟ್ಟಿದರೆ ನರಗಳ ಬಲೆ ಮಾತ್ರ ಉಳಿಯುತ್ತದೆ. ನೀರು ಬಂದದ್ದೂ ಸಾಮಾನು ವಾಪಸ್ ಹೋದದ್ದೂ ಈ ದಾರಿಯಲ್ಲೇ ಅಂತ ಬೆರಳಿಟ್ಟು ತೋರಿಸಬಹುದು. ವಾಸನೆ ಜಾಸ್ತಿ. ಮೊದಲ ಸಲ ನಾನು ಅಡುಗೆಮನೆಯ ಕಟ್ಟೆ ಮೇಲೆ ಇಟ್ಟು ಒಂದೇ ವಾರಕ್ಕೆ ಎಲ್ಲ ಚೆಲ್ಲಬೇಕಾಯಿತು. ಮುಚ್ಚಳ ಹಾಕಿ ಬಾಲ್ಕನಿಯಲ್ಲಿಡಿ, ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ.

ಮಳೆಗಾಲ ಶುರುವಾದಾಗ ತೇಗದ ಎಳೆ ಚಿಗುರು ಸಿಕ್ಕರೆ ಅಂಗೈಯಲ್ಲಿ ಉಜ್ಜಿಸಿ. ಕೈ ಕೆಂಪಾಗುತ್ತದೆ, ಮದರಂಗಿ ಹಚ್ಚಿದ ಹಾಗೆ. ಮಲೆನಾಡಿನಲ್ಲಿ ನಾವು ಶಾಲೆಗೆ ಹೋಗುವ ದಾರಿಯಲ್ಲಿ ಮಾಡುತ್ತಿದ್ದ ಆಟ ಇದು. ಹಸಿರು ಕಾಣುವ ಎಲೆಯೊಳಗೆ ಬೇರೆ ಬಣ್ಣ ಇದೆ ಅಂತ ಆಗಲೇ ಗೊತ್ತಿತ್ತು ನಮಗೆ, ಯಾರೂ ಹೇಳಿಕೊಟ್ಟಿರಲಿಲ್ಲ.

ಮತ್ತೆ ಕೋಥ್ರೂಡ್‌ನಿಂದ, ಹತ್ತು ದಿನದ ಮೇಲೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೊದಲು ಅವಳ ಹತ್ತಿರ ನಾನು ಹೇಳಿದ್ದು ಅರ್ಧ ಮಾತ್ರ ಸರಿ ಅಂತ ಒಪ್ಪಿಕೊಂಡೆ. ಅದೇ ಅವಳಿಗೆ ಎಲ್ಲಕ್ಕಿಂತ ಖುಷಿಯಾಯಿತು ಅನ್ನಿಸುತ್ತದೆ. ಭಾನುವಾರ ಗೇಟಿನ ಹತ್ತಿರ ಕೂತು ಬಾದಾಮಿ ಎಲೆ ಆರಿಸಿದೆವು. ಒಂದೇ ಎಲೆಯಲ್ಲಿ ಮೂರು ಬಣ್ಣ ಇರುವುದು ಸಿಕ್ಕಿತು. ಅಂಚು ಕೆಂಪು, ನಡುವೆ ಹಳದಿ, ದಪ್ಪ ನರದ ಎರಡೂ ಬದಿ ಇನ್ನೂ ಹಸಿರು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಮ್ಮಾ, ಇದು ಸಾಮಾನು ಪೂರ್ತಿ ಸಾಗಿಸೋ ಮೊದಲೇ ಬಿದ್ದಿದೆ" ಅಂದಳು. ವಾಚ್‌ಮನ್ ಕಾಕಾಗೆ ಮರಾಠಿಯಲ್ಲಿ ಎಲ್ಲ ವಿವರಿಸಿದಳು, ಹಣ್ಣೆಲೆ ಅನ್ನುವ ಪದವನ್ನು ಮಾತ್ರ ಹಾಗೇ ಇಟ್ಟುಕೊಂಡು. ಅವರೂ ಈಗ ಹಣ್ಣೆಲೆ ಅನ್ನುತ್ತಾರೆ.

ಇಟ್ಟಿಗೆ ಇಟ್ಟಿದ್ದೇವೆ, ಮಾಲಿಗೆ ಹೇಳಿದ್ದೇವೆ. ಕೆಳಗಿನ ಕೊಂಬೆಯ ಒಂದು ಹಸಿರೆಲೆಗೆ ನೀಲಿ ದಾರ ಕಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಅದರ ತುದಿಯಲ್ಲಿ ಉಗುರಿನಷ್ಟು ಹಳದಿ ಕಂಡಿತು. ಬಸ್ ಬಂದು ನಿಂತಿತ್ತು, ಅವಳು ಹತ್ತಲಿಲ್ಲ. ಡ್ರೈವರ್ ಅರ್ಧ ನಿಮಿಷ ಕಾದರು.