ಅಮೆರಿಕದ ಕಾಲೇಜು ಹಾಸ್ಟೆಲುಗಳಲ್ಲಿ ಆರ್‌ಎ ಕೆಲಸ: ಪ್ರಶ್ನೋತ್ತರ

ನಿರ್ವಾಹಕರು: ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಹನ್ನೊಂದು ವರ್ಷಗಳಿಂದ ಹಾಲ್ ಡೈರೆಕ್ಟರ್ (ಹಾಸ್ಟೆಲಿನ ಮುಖ್ಯಸ್ಥೆ) ಆಗಿರುವ, ವಿದ್ಯಾರ್ಥಿನಿಯಾಗಿದ್ದಾಗ ತಾವೇ ಆರ್‌ಎ, ಅಂದರೆ ಹಾಸ್ಟೆಲಿನಲ್ಲೇ ಇದ್ದು ತನ್ನ ಮಹಡಿಯವರನ್ನು ನೋಡಿಕೊಳ್ಳುವ ರೆಸಿಡೆಂಟ್ ಅಸಿಸ್ಟೆಂಟ್, ಆಗಿದ್ದ ನಮ್ಮ ಸದಸ್ಯೆಯೊಬ್ಬರು ಇಂದು ಸಂಜೆ ಉತ್ತರಿಸಲಿದ್ದಾರೆ.

ಧಾರವಾಡದ ವಿದ್ಯಾರ್ಥಿನಿ: ಎಫ್-1 ವಿದ್ಯಾರ್ಥಿ ವೀಸಾದವರು ಆರ್‌ಎ ಆಗಬಹುದೇ?

ಮೇಡಂ: ಆಗಬಹುದು. ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಗ್ರಂಥಾಲಯದಲ್ಲಿ ಇನ್ನೊಂದು ಕೆಲಸವಿದ್ದರೆ ಅದೂ ಈ ಲೆಕ್ಕಕ್ಕೇ ಸೇರುತ್ತದೆ. ಹೆಚ್ಚಿನ ಕಡೆ ಪ್ರತಿಫಲವೆಂದರೆ ಬಾಡಿಗೆಯಿಲ್ಲದ ಕೊಠಡಿ, ಕೆಲವೆಡೆ ಊಟ.

ಹಾಸನದ ಆರ್‌ಎ: ಮೇಡಂ, ನನ್ನ ಮಹಡಿಯಲ್ಲಿರುವ 34 ಮಂದಿಯಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಎರಡು ವಾರಗಳಿಂದ ತರಗತಿಗೆ ಹೋಗಿಲ್ಲ, ಚಳಿಯ ಕೋಟನ್ನೂ ಹೆಡ್‌ಫೋನನ್ನೂ ಪಕ್ಕದವರಿಗೆ ಕೊಟ್ಟುಬಿಟ್ಟಿದ್ದಾನೆ, 'ನಾನಿಲ್ಲದಿದ್ದರೆ ಅಪ್ಪನ ಸಾಲವಾದರೂ ಬೆಳೆಯುವುದಿಲ್ಲ' ಎಂದು ನನ್ನೊಬ್ಬನಿಗೆ ಹೇಳಿ, ಯಾರಿಗೂ ತಿಳಿಸಬಾರದೆಂದು ಭಾಷೆ ತೆಗೆದುಕೊಂಡಿದ್ದಾನೆ. ನಾಲ್ಕು ರಾತ್ರಿಗಳಿಂದ ಅವನ ಕೊಠಡಿಯಲ್ಲೇ ಕುಳಿತಿದ್ದೇನೆ. ತಿಳಿಸಿದರೆ ಅವನ ವೀಸಾ ಹೋಗುತ್ತದೆಯೇ?

ಮೇಡಂ: ತಮ್ಮಾ, ಮೊದಲು ನಿಮ್ಮ ಹಾಲ್ ಡೈರೆಕ್ಟರಿಗೆ ಫೋನ್ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಆ ಭಾಷೆಯನ್ನು ಮುರಿಯಲೇಬೇಕು. ಗುಟ್ಟು ಕಾಯುವ ಹೊಣೆ ಕೌನ್ಸೆಲಿಂಗ್ ಕೇಂದ್ರದವರದು, ಆರ್‌ಎಯದಲ್ಲ. ತನ್ನ ವಸ್ತುಗಳನ್ನು ಹಂಚುವುದೂ ತಾನು ಹೊರೆಯೆಂದು ಮಾತಾಡುವುದೂ ಒಟ್ಟಿಗೆ ಬಂದಾಗ ನಾಳೆಯವರೆಗೆ ಕಾಯುವಂತಿಲ್ಲ. 'ಸಾಯುವ ಯೋಚನೆ ಬರುತ್ತಿದೆಯೇ' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 988 ಸಹಾಯವಾಣಿ 2022ರಿಂದ ಅಮೆರಿಕದಾದ್ಯಂತ ಹಗಲೂ ರಾತ್ರಿ ಇದೆ. ಅಪಾಯ ಕಣ್ಣೆದುರಿಗೇ ಇದ್ದರೆ ತುರ್ತು ಸಂಖ್ಯೆ 911. ಕೌನ್ಸೆಲಿಂಗಿಗೆ ಹೋದ ಮಾತ್ರಕ್ಕೆ ವೀಸಾ ಹೋಗುವುದಿಲ್ಲ, ಹೇಳದೆ ಕೇಳದೆ ತರಗತಿ ಬಿಟ್ಟರೆ ತೊಂದರೆಯಾಗುತ್ತದೆ. ವೈದ್ಯರ ಪತ್ರವಿದ್ದರೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಡಿಎಸ್‌ಒ (ವೀಸಾ ನಿಯಮಗಳನ್ನು ನೋಡಿಕೊಳ್ಳುವ ಅಧಿಕಾರಿ) ಕೋರ್ಸುಗಳನ್ನು ಕಡಿಮೆ ಮಾಡಲು, ಅಗತ್ಯವಿದ್ದರೆ ಪೂರ್ತಿ ನಿಲ್ಲಿಸಲೂ, ಒಂದು ಪದವಿಯ ಹಂತದಲ್ಲಿ ಒಟ್ಟು 12 ತಿಂಗಳವರೆಗೆ ಅನುಮತಿ ಕೊಡಬಹುದು. ಆದರೆ ಮೊದಲು ಅನುಮತಿ, ಆಮೇಲೆ ಕೋರ್ಸು ಬಿಡುವುದು. ನಾನು ಆರ್‌ಎ ಆಗಿದ್ದಾಗ ಹುಡುಗಿಯೊಬ್ಬಳಿಗೆ ಇಂಥದ್ದೇ ಭಾಷೆ ಕೊಟ್ಟು ಮೂರು ದಿನ ಸುಮ್ಮನಿದ್ದೆ. ಅವಳು ಉಳಿದದ್ದು ಎದುರು ಕೊಠಡಿಯವಳಿಂದ, ನನ್ನಿಂದಲ್ಲ. ಐದನೆಯ ರಾತ್ರಿ ಒಬ್ಬರೇ ಕೂರಬೇಡಿ.

ಮಂಡ್ಯದ ಹಿರಿಯ ಸದಸ್ಯರು: ಬಂದ ಸಂದೇಶವೊಂದನ್ನು ಹಂಚಿಕೊಳ್ಳುತ್ತಿದ್ದೇನೆ. ಹಾಲಿಗೆ ಎರಡು ಚಮಚ ಜಾಯಿಕಾಯಿ ಪುಡಿ ಬೆರೆಸಿ ಕುಡಿಸಿದರೆ ಮೂರೇ ದಿನದಲ್ಲಿ ಮನಸ್ಸು ತಿಳಿಯಾಗುತ್ತದೆ. ಕುಡಿದು ಬಿದ್ದವರಿಗೆ ಉಪ್ಪುನೀರು ಮತ್ತು ತಣ್ಣೀರ ಸ್ನಾನ.

ಮೇಡಂ: ದಯವಿಟ್ಟು ಇದನ್ನು ಅಳಿಸಿ. ಅಷ್ಟು ಜಾಯಿಕಾಯಿ ವಿಷವಾಗಬಲ್ಲದು. ಎಚ್ಚರ ತಪ್ಪಿದವನ ಬಾಯಿಗೆ ಉಪ್ಪುನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, 911ಕ್ಕೆ ಕರೆ ಮಾಡುವುದು, ಬಿಟ್ಟು ಹೋಗದಿರುವುದು, ಇಷ್ಟೇ. ಮಲಗಿದರೆ ಸರಿಹೋಗುತ್ತಾನೆ ಎಂದು ಬಾಗಿಲು ಹಾಕಿಕೊಂಡು ಹೋಗುವವರಿಗೆ ಪ್ರತಿ ಸೆಪ್ಟೆಂಬರಿನಲ್ಲೂ ಇದನ್ನೇ ಹೇಳುತ್ತಿದ್ದೇನೆ.

ತುಮಕೂರಿನ ವಿದ್ಯಾರ್ಥಿ: ಎಫ್-1 ಇದ್ದರೆ ಆರ್‌ಎ ಆಗಬಹುದೇ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಶಿವಮೊಗ್ಗದ ತಾಯಿ: ಮಗ ಹೇಗಿದ್ದಾನೆಂದು ಕೇಳಿದರೆ ಅವನ ಆರ್‌ಎ ಬಾಯಿ ಬಿಡುವುದಿಲ್ಲ. ಹಣ ಕಟ್ಟುವವರು ನಾವಲ್ಲವೇ?

ಮೇಡಂ: ಕಾಲೇಜಿಗೆ ಸೇರಿದ ಮೇಲೆ ದಾಖಲೆಗಳ ಹಕ್ಕು ವಿದ್ಯಾರ್ಥಿಯದೇ ಎನ್ನುವುದು 1974ರ ಕಾನೂನು. ಪ್ರಾಣಕ್ಕೆ ಕುತ್ತು ಬಂದಾಗ ವಿಶ್ವವಿದ್ಯಾಲಯ ನಿಮಗೆ ತಿಳಿಸಬಹುದು. ಆರ್‌ಎ ಮೇಲೆ ಸಿಟ್ಟಾಗಬೇಡಿ ತಾಯಿ.

ಮಂಡ್ಯದ ಹಿರಿಯ ಸದಸ್ಯರು: ನಮ್ಮ ಕಾಲದ ವಾರ್ಡನ್ನಿಗೆ ಕಾನೂನು ಬೇಕಿರಲಿಲ್ಲ, ಬೆತ್ತವೊಂದಿದ್ದರೆ ಸಾಕಿತ್ತು.

ಬೋಸ್ಟನ್ನಿನ ಸದಸ್ಯ: ವಾರ್ಡನ್ನರಿಗೆ ಸಂಬಳವಿತ್ತು ಸ್ವಾಮಿ. ಇಲ್ಲಿ ಇಪ್ಪತ್ತರ ಹುಡುಗರು ಓದಿನ ನಡುವೆ ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆಯಬೇಕು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನ ಆರ್‌ಎಗಳು 2002ರಲ್ಲಿ ಕಾರ್ಮಿಕ ಸಂಘಕ್ಕೆ ಮತ ಹಾಕಿದ್ದು ಸುಮ್ಮನೆಯೇ?

ಡಲ್ಲಸ್ಸಿನ ಸದಸ್ಯೆ: ಪುಕ್ಕಟೆ ಕೊಠಡಿ ಸಿಕ್ಕ ಮೇಲೂ ಸಂಘ ಬೇಕೇ? ನನ್ನ ಮಗಳು ಆರ್‌ಎ ಆಗಿದ್ದಳು. ಜನರೊಡನೆ ಮಾತಾಡುವುದನ್ನು ಕಲಿತದ್ದೇ ಅಲ್ಲಿ, ಆ ಮಹಡಿಯವರು ಇಂದಿಗೂ ಅವಳ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತಾರೆ.

ಬೋಸ್ಟನ್ನಿನ ಸದಸ್ಯ: ಫೋನಿನಿಂದ ಹೊಟ್ಟೆ ತುಂಬುವುದಿಲ್ಲ.

ಡಲ್ಲಸ್ಸಿನ ಸದಸ್ಯೆ: ನಿಮ್ಮಂಥವರಿಗೆ ಎಲ್ಲವೂ ಹೊಟ್ಟೆಯ ಲೆಕ್ಕವೇ.

ಬೆಳಗಾವಿಯ ವಿದ್ಯಾರ್ಥಿನಿ: ಬೇಸಿಗೆ ರಜೆಯಲ್ಲೂ ಆರ್‌ಎಗೆ ಕೊಠಡಿ ಇರುತ್ತದೆಯೇ?

ಮಂಡ್ಯದ ಹಿರಿಯ ಸದಸ್ಯರು: ಜಾಯಿಕಾಯಿಯ ಬಗ್ಗೆ ನಮ್ಮ ಹಿರಿಯರಿಗೆ ತಿಳಿಯದ್ದು ಮೇಡಂ ಅವರಿಗೆ ತಿಳಿದಿದೆಯೆಂದು ಕಾಣುತ್ತದೆ.

ಮೇಡಂ: ಹೌದು, ತಿಳಿದಿದೆ. ನಿರ್ವಾಹಕರೇ, ಆ ಸಂದೇಶ ಇನ್ನೂ ಅಲ್ಲೇ ಇದೆ.

ಹಾಸನದ ಆರ್‌ಎ: ಮೇಡಂ, ತಿಳಿಸಿದೆ. ಹಾಲ್ ಡೈರೆಕ್ಟರ್ ಮತ್ತು ಕೌನ್ಸೆಲರ್ ಈಗ ಅವನ ಜೊತೆಯಲ್ಲಿದ್ದಾರೆ. ಅವನು ನನ್ನ ಮುಖವನ್ನೂ ನೋಡಲಿಲ್ಲ.

ಮೇಡಂ: ನೋಡದಿದ್ದರೆ ಬೇಡ. ಊಟ ಮಾಡಿದಿರಾ?